ಕರುಳು ಆರಾಮಾಗಿದೆ, ಮತ್ತೆ ಕೊಲೊನೊಸ್ಕೋಪಿ ಯಾಕೆ?

ಪ್ರಶ್ನೆ: ನನಗೆ 41 ವರ್ಷ. ಪಾಂಡವಪುರ ತಾಲ್ಲೂಕಿನವನು, ವ್ಯವಸಾಯ. 11 ವರ್ಷದ ಹಿಂದೆ ಮಲದ ಜೊತೆ ರಕ್ತ, ಲೋಳೆ ಹೋಗಲು ಶುರುವಾಯಿತು. ಮೂಲವ್ಯಾಧಿ ಅಂದುಕೊಂಡು ಒಂದೂವರೆ ವರ್ಷ ಅದಕ್ಕೇ ಔಷಧಿ ಮಾಡಿದೆ. ಆಮೇಲೆ ಮೈಸೂರಿನಲ್ಲಿ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿ, ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದ ಉರಿಯೂತ, ಕರುಳು ಪೂರ್ತಿ ಹಬ್ಬಿದೆ ಅಂದರು. ಮೆಸಲಮೀನ್ ಮಾತ್ರೆ ಕೊಟ್ಟಿದ್ದಾರೆ. ಎರಡು ವರ್ಷದಿಂದ ಏನೂ ತೊಂದರೆ ಇಲ್ಲ, ಹಾಗಾಗಿ ಮಾತ್ರೆ ಆಗಾಗ ಬಿಡುತ್ತೇನೆ. ಈಗ ಡಾಕ್ಟರು ಕ್ಯಾನ್ಸರ್ ಏನಾದರೂ ಇದೆಯಾ ನೋಡಬೇಕು, ಇನ್ನೊಮ್ಮೆ ಕೊಲೊನೊಸ್ಕೋಪಿ ಮಾಡಿಸಿ ಅನ್ನುತ್ತಾರೆ. ಆರಾಮಾಗಿರುವಾಗ ಯಾಕೆ ಮಾಡಿಸಬೇಕು? ಮಲ ಪರೀಕ್ಷೆಯಲ್ಲೇ ಗೊತ್ತಾಗುವುದಿಲ್ಲವೇ? ನಮ್ಮ ದೊಡ್ಡಪ್ಪನಿಗೆ 62ನೇ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರ್ ಆಗಿತ್ತು. ಕರುಳಿನ ಉರಿಯೂತದಿಂದ ಕ್ಯಾನ್ಸರ್ ನಿಜವಾಗಲೂ ಬರುತ್ತದೆಯೇ?

ಉತ್ತರ: ಬರಬಹುದು. ಎಲ್ಲರಿಗೂ ಬರುವುದಿಲ್ಲ, ಬಹುಪಾಲು ಜನರಿಗೆ ಬರುವುದೂ ಇಲ್ಲ. ಆದರೆ ನಿಮ್ಮ ಕಾಯಿಲೆಗೆ ಎಷ್ಟು ವರ್ಷ ಆಗಿದೆ, ಎಷ್ಟು ದೂರ ಹಬ್ಬಿದೆ ಎಂಬುದನ್ನು ನೋಡಿದರೆ ನಿಮ್ಮ ಡಾಕ್ಟರು ಹೇಳುತ್ತಿರುವುದು ಸರಿಯಾಗಿದೆ. ಆರಾಮಾಗಿದ್ದೀರಿ ಎಂಬುದು ಪರೀಕ್ಷೆ ಮುಂದೂಡಲು ಕಾರಣವಲ್ಲ, ಈಗಲೇ ಮಾಡಿಸಲು ಕಾರಣ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ವರ್ಷದ ಲೆಕ್ಕ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕ್ಯಾನ್ಸರ್ ಅಪಾಯ ಏರತೊಡಗುವುದು ಸಾಮಾನ್ಯವಾಗಿ 8ರಿಂದ 10 ವರ್ಷ ಕಳೆದ ಮೇಲೆ. ಆ ವರ್ಷಗಳನ್ನು ಎಣಿಸಬೇಕಾದದ್ದು ರಿಪೋರ್ಟ್ ಬಂದ ದಿನದಿಂದಲ್ಲ, ಮೊದಲ ಸಲ ರಕ್ತ, ಲೋಳೆ ಕಂಡ ದಿನದಿಂದ. ಮೂಲವ್ಯಾಧಿ ಎಂದು ಔಷಧಿ ಮಾಡಿದ ಆ ಒಂದೂವರೆ ವರ್ಷವೂ ಕರುಳು ಉರಿಯುತ್ತಲೇ ಇತ್ತು. ಆದ್ದರಿಂದ ನಿಮ್ಮ ಲೆಕ್ಕ ಒಂಬತ್ತೂವರೆ ಅಲ್ಲ, 11. ಡಾಕ್ಟರ ಹತ್ತಿರ ಹೋದಾಗ ಇದನ್ನು ಬಾಯಿಬಿಟ್ಟು ಹೇಳಿ. ಫೈಲಿನಲ್ಲಿ ಸಾಮಾನ್ಯವಾಗಿ ರಿಪೋರ್ಟಿನ ತಾರೀಖು ಮಾತ್ರ ಇರುತ್ತದೆ.

ಉರಿಯೂತಕ್ಕೂ ಕ್ಯಾನ್ಸರ್‌ಗೂ ನಂಟಿದೆ ಎಂದು ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಶೋ 1863ರಲ್ಲೇ ಊಹಿಸಿದ್ದರು. ಕೊಲೈಟಿಸ್ ಇದ್ದವರಲ್ಲಿ ಕರುಳಿನ ಕ್ಯಾನ್ಸರ್ ಕಂಡ ವರದಿ 1925ರಲ್ಲಿ ಬಂತು. ಅದು ಹೇಗೆ ಆಗುತ್ತದೆ ಎಂಬುದು ಬಿಡಿಸಿಕೊಂಡದ್ದು ಇತ್ತೀಚಿನ ದಶಕಗಳಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ತಿಳಿದರೆ ಮಾತ್ರ ಮಾತ್ರೆ ಯಾಕೆ ಬಿಡಬಾರದು, ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು, ಅಷ್ಟೊಂದು ಕಡೆಯಿಂದ ಯಾಕೆ ಚೂರು ತೆಗೆಯುತ್ತಾರೆ ಎಂಬುದು ಮನಸ್ಸಿಗೆ ಇಳಿಯುತ್ತದೆ.

ದೊಡ್ಡ ಕರುಳಿನ ಒಳಪದರದಲ್ಲಿ ಲಕ್ಷಾಂತರ ಸಣ್ಣ ಕುಳಿಗಳಿವೆ. ಪ್ರತಿ ಕುಳಿಯ ತಳದಲ್ಲಿ ಕೆಲವೇ ಕೆಲವು ಮೂಲಕೋಶಗಳಿರುತ್ತವೆ. ಅವು ಒಡೆದು ಎರಡಾಗುತ್ತಾ ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತವೆ, ಮೇಲಿನ ಹಳೆಯವು ಉದುರುತ್ತವೆ. ಆರೋಗ್ಯವಂತರಲ್ಲಿ 4–5 ದಿನಕ್ಕೊಮ್ಮೆ ಒಳಪದರ ಹೊಸದಾಗುತ್ತದೆ. ಕೋಶ ಎರಡಾಗುವಾಗಲೆಲ್ಲ ಅದರೊಳಗಿನ ಡಿಎನ್‌ಎ ಪೂರ್ತಿ ನಕಲಾಗಬೇಕು. ನಕಲಿನಲ್ಲಿ ತಪ್ಪಾದರೆ ಸರಿಪಡಿಸುವ ವ್ಯವಸ್ಥೆಯೂ ಇದೆ, ಆದರೆ ಅದಕ್ಕೆ ಸಮಯ ಬೇಕು.

ಕೊಲೈಟಿಸ್ ಕೆರಳಿದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಆ ಕುಳಿಗಳ ಒಳಗೇ ನುಗ್ಗಿ ಕೀವು ಕಟ್ಟುತ್ತವೆ. ಬ್ಯಾಕ್ಟೀರಿಯಾ ಕೊಲ್ಲಲೆಂದು ಅವು ಹೈಡ್ರೋಜನ್ ಪೆರಾಕ್ಸೈಡ್, ಹೈಪೋಕ್ಲೋರಸ್ ಆಮ್ಲದಂಥ ಉಗ್ರ ರಾಸಾಯನಿಕಗಳನ್ನು ಬಿಡುತ್ತವೆ. ಅವು ಬ್ಯಾಕ್ಟೀರಿಯಾ ಯಾವುದು, ನಮ್ಮ ಕೋಶ ಯಾವುದು ಎಂದು ನೋಡುವುದಿಲ್ಲ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಗ್ವಾನಿನ್ ಎಂಬುದಕ್ಕೆ ಪೆಟ್ಟು ಹೆಚ್ಚು. ಪೆಟ್ಟು ತಿಂದ ಗ್ವಾನಿನ್ ಮುಂದಿನ ನಕಲಿನಲ್ಲಿ ತನ್ನ ಸರಿಯಾದ ಜೊತೆ ಬಿಟ್ಟು ಬೇರೆ ಅಕ್ಷರದ ಜೊತೆ ಕೂಡುತ್ತದೆ. ಆ ತಪ್ಪು ಒಮ್ಮೆ ಕೂತರೆ ಕಾಯಂ. ಇನ್ನೊಂದು ಕಡೆ, ಹುಣ್ಣಾದ ಜಾಗ ಮುಚ್ಚಲು ಮೂಲಕೋಶಗಳು ಅವಸರ ಅವಸರವಾಗಿ ಒಡೆಯಬೇಕು. ನಕಲು ಹೆಚ್ಚು, ತಿದ್ದಲು ಸಮಯ ಕಡಿಮೆ. ಕೊಲೈಟಿಸ್ ಇರುವವರ, ಕ್ರೋನ್ಸ್ ಎಂಬ ಇನ್ನೊಂದು ಬಗೆಯ ಕರುಳಿನ ಉರಿಯೂತ ಇರುವವರ ಕುಳಿಗಳನ್ನು ಒಂದೊಂದಾಗಿ ಬೇರ್ಪಡಿಸಿ ಡಿಎನ್‌ಎ ಓದಿದ 2020ರ ಒಂದು ಅಧ್ಯಯನ, ಕಾಯಿಲೆ ಶುರುವಾದ ಮೇಲೆ ಇಂಥ ತಪ್ಪುಗಳು ಸೇರುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂದು ತೋರಿಸಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಉರಿಯೂತದ ಜಾಗದಲ್ಲಿ ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್ 6 ಎಂಬ ಸಂದೇಶವಾಹಕಗಳು ತುಂಬಿರುತ್ತವೆ. ಅವು ಕೋಶಗಳಿಗೆ ಹೇಳುವುದು ಎರಡೇ ಮಾತು: ಸಾಯಬೇಡಿ, ಬೆಳೆಯಿರಿ. ಗಾಯ ಮಾಯಲು ಇದು ಬೇಕು. ಆದರೆ ಡಿಎನ್‌ಎ ಕೆಟ್ಟು ಸಾಯಬೇಕಾಗಿದ್ದ ಕೋಶವೂ ಇದೇ ಮಾತು ಕೇಳಿ ಉಳಿದುಬಿಡುತ್ತದೆ. ಜೊತೆಗೆ ಕರುಳಿನ ಮೇಲಿನ ಲೋಳೆಯ ಹೊದಿಕೆ ತೆಳುವಾಗಿ ಬ್ಯಾಕ್ಟೀರಿಯಾಗಳು ಒಳಪದರಕ್ಕೇ ಅಂಟಿಕೊಳ್ಳುತ್ತವೆ. ಇ. ಕೋಲಿಯ ಕೆಲವು ತಳಿಗಳು ಕೊಲಿಬ್ಯಾಕ್ಟಿನ್ ಎಂಬ ವಿಷ ತಯಾರಿಸುತ್ತವೆ, ಅದು ನೇರವಾಗಿ ಡಿಎನ್‌ಎಯನ್ನೇ ಕೆಡಿಸುತ್ತದೆ.

ಸಾಮಾನ್ಯ ಕರುಳಿನ ಕ್ಯಾನ್ಸರ್‌ಗೂ ಕೊಲೈಟಿಸ್‌ನಿಂದ ಬರುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸಾಮಾನ್ಯವಾಗಿ ಮೊದಲು ಎಪಿಸಿ ಎಂಬ ವಂಶವಾಹಿ ಕೆಟ್ಟು ಒಂದು ಪಾಲಿಪ್, ಅಂದರೆ ಗುಬುಟು, ಎದ್ದು ಕಾಣುತ್ತದೆ. ಅದು ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಕೊನೆಯ ಹಂತದಲ್ಲಿ ಪಿ53 ಎಂಬ ಕಾವಲು ವಂಶವಾಹಿ ಕೆಡುತ್ತದೆ. ಆ ಪಾಲಿಪ್ ಕಂಡಾಗಲೇ ಕತ್ತರಿಸಿ ತೆಗೆದರೆ ಆಯಿತು. ಕೊಲೈಟಿಸ್‌ನಲ್ಲಿ ಈ ಕ್ರಮ ತಿರುಗುಮುರುಗು. ಪಿ53 ಮೊದಲೇ ಕೆಡುತ್ತದೆ, ಆಗ ಕಣ್ಣಿಗೆ ಕಾಣುವಂಥ ಗುಬುಟು ಏನೂ ಇರುವುದಿಲ್ಲ. ಕೆಟ್ಟ ಕುಳಿ ಪಕ್ಕದಲ್ಲೇ ಇನ್ನೊಂದಾಗಿ ಕವಲೊಡೆದು, ಗಾಯವಾದ ಜಾಗವನ್ನೆಲ್ಲ ತನ್ನ ಸಂತಾನದಿಂದ ತುಂಬುತ್ತಾ ಹೋಗುತ್ತದೆ. ವರ್ಷಗಟ್ಟಲೆ ನಾಲೆ ನೀರು ನಿಂತು ಗದ್ದೆಗೆ ಗದ್ದೆಯೇ ಚೌಳು ಹಿಡಿದಂತೆ. ಒಂದು ಗಿಡ ಕಿತ್ತರೆ ಸರಿಹೋಗುವ ತೊಂದರೆ ಅಲ್ಲ ಅದು, ನೆಲದ್ದೇ ತೊಂದರೆ. ಹಾಗಾಗಿಯೇ ಕೊಲೈಟಿಸ್‌ನ ಕ್ಯಾನ್ಸರ್ ಚಪ್ಪಟೆಯಾಗಿ, ಸುತ್ತಲಿನ ಪದರದಲ್ಲಿ ಬೆರೆತು ಬರುವುದುಂಟು. ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ.

ಉರಿಯೂತಕ್ಕೂ ಕ್ಯಾನ್ಸರ್‌ಗೂ ನಡುವೆ ಒಂದು ಹಂತವಿದೆ, ಅದರ ಹೆಸರು ಡಿಸ್‌ಪ್ಲೇಸಿಯಾ. ಕೋಶಗಳ ಆಕಾರ, ಜೋಡಣೆ ಕೆಟ್ಟಿರುತ್ತದೆ, ಆದರೆ ಇನ್ನೂ ಕೆಳಪದರಕ್ಕೆ ಇಳಿದಿರುವುದಿಲ್ಲ. ಅದರಲ್ಲಿ ಲೋ ಗ್ರೇಡ್, ಹೈ ಗ್ರೇಡ್ ಎಂದು ಎರಡು ಬಗೆ. ಮತ್ತೆ ಕೊಲೊನೊಸ್ಕೋಪಿ ಮಾಡಿಸಿ ಎನ್ನುವುದು ಈ ಹಂತವನ್ನು ಹಿಡಿಯಲಿಕ್ಕೆ. ಈ ಹಂತದಲ್ಲಿ ನೋವಿಲ್ಲ, ರಕ್ತವಿಲ್ಲ, ತೂಕ ಇಳಿಯುವುದಿಲ್ಲ. ತೊಂದರೆ ಕಾಣಿಸಲಿ ನೋಡೋಣ ಎಂದು ಕಾಯುವವರಿಗೆ ಈ ಹಂತ ಸಿಗುವುದೇ ಇಲ್ಲ.

ಹಾಗಾದರೆ ಅಪಾಯ ಎಷ್ಟು? ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2001ರಲ್ಲಿ ಮಾಡಿದ ಲೆಕ್ಕದಲ್ಲಿ 10 ವರ್ಷಕ್ಕೆ ನೂರಕ್ಕೆ 2, 20 ವರ್ಷಕ್ಕೆ 8, 30 ವರ್ಷಕ್ಕೆ 18 ಜನ ಎಂದು ಬಂತು. ಇಂಟರ್ನೆಟ್‌ನಲ್ಲಿ ಹುಡುಕಿದರೆ ನಿಮಗೆ ಸಿಗುವುದು ಇದೇ ಅಂಕಿ, ನೋಡಿದವರಿಗೆ ಎದೆ ಝಲ್ ಎನ್ನುತ್ತದೆ. ಈಗಿನ ಚಿತ್ರ ಅಷ್ಟು ಕೆಟ್ಟದಾಗಿಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್‌ನ ಸುಮಾರು 96,000 ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ದಾಖಲೆ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಇಲ್ಲದವರಿಗಿಂತ ಕರುಳಿನ ಕ್ಯಾನ್ಸರ್ 1.66 ಪಟ್ಟು ಹೆಚ್ಚು ಕಂಡಿತು. ಅಂದರೆ ಸಾವಿರ ರೋಗಿಗಳನ್ನು ಒಂದು ವರ್ಷ ಗಮನಿಸಿದರೆ ಒಬ್ಬರಿಗಿಂತ ತುಸು ಹೆಚ್ಚು. ಒಳ್ಳೆಯ ಔಷಧಿ, ಸಮಯಕ್ಕೆ ಸರಿಯಾದ ಕೊಲೊನೊಸ್ಕೋಪಿ ಇವೆರಡೂ ಇರುವ ದೇಶಗಳ ಅಂಕಿ ಇದು ಎಂಬುದು ಮಾತ್ರ ನೆನಪಿರಲಿ.

ಈ ಸರಾಸರಿ ಎಲ್ಲರಿಗೂ ಒಂದೇ ತೆರನಾಗಿ ಅನ್ವಯಿಸುವುದಿಲ್ಲ. ಉರಿಯೂತ ಗುದನಾಳದಲ್ಲಷ್ಟೇ ಇದ್ದವರ ಅಪಾಯ ಬೇರೆಯವರಿಗಿಂತ ಹೆಚ್ಚೇನೂ ಇಲ್ಲ, ಅವರಿಗೆ ಈ ಪದೇಪದೇ ಪರೀಕ್ಷೆ ಬೇಕಿಲ್ಲ. ಎಡಗಡೆಯ ಕರುಳಿನವರೆಗೆ ಹಬ್ಬಿದ್ದರೆ ಸ್ವಲ್ಪ ಹೆಚ್ಚು. ಪೂರ್ತಿ ಹಬ್ಬಿದವರಿಗೆ ಎಲ್ಲರಿಗಿಂತ ಹೆಚ್ಚು, ನೀವು ಈ ಗುಂಪಿಗೆ ಸೇರುತ್ತೀರಿ. ಈಗ ಉರಿಯೂತ ಕಡಿಮೆಯಾಗಿರಬಹುದು, ಆದರೂ ಯಾವತ್ತಾದರೂ ಗರಿಷ್ಠ ಎಷ್ಟು ದೂರ ಹಬ್ಬಿತ್ತು ಎಂಬುದೇ ಲೆಕ್ಕಕ್ಕೆ ಬರುತ್ತದೆ. ಪಿತ್ತನಾಳಗಳು ಗಟ್ಟಿಯಾಗಿ ಕಿರಿದಾಗುವ ಪ್ರೈಮರಿ ಸ್ಕ್ಲೆರೋಸಿಂಗ್ ಕೊಲಾಂಜೈಟಿಸ್ ಎಂಬ ಕಾಯಿಲೆ ಜೊತೆಗಿದ್ದರೆ ಅಪಾಯ ಬಹಳ ಏರುತ್ತದೆ. ಅಂಥವರಿಗೆ 8 ವರ್ಷ ಕಾಯುವಂತಿಲ್ಲ, ಕಾಯಿಲೆ ಗೊತ್ತಾದ ವರ್ಷದಿಂದಲೇ ಪ್ರತಿ ವರ್ಷ ಕೊಲೊನೊಸ್ಕೋಪಿ ಬೇಕು. ನಿಮ್ಮ ಲಿವರ್ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಯಾವಾಗಲಾದರೂ ಏರಿತ್ತೇ ಎಂದು ಹಳೆಯ ರಿಪೋರ್ಟ್‌ಗಳಲ್ಲಿ ನೋಡಿ, ಏರಿದ್ದರೆ ಡಾಕ್ಟರಿಗೆ ತೋರಿಸಿ.

ದೊಡ್ಡಪ್ಪನ ವಿಷಯ. ಕೊಲೈಟಿಸ್ ಇರುವವರಲ್ಲಿ ಅಪಾಯ ಅಳೆಯುವಾಗ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು. ಅವರಲ್ಲಿ ಯಾರಿಗಾದರೂ 50 ವರ್ಷದ ಒಳಗೆ ಕರುಳಿನ ಕ್ಯಾನ್ಸರ್ ಆಗಿದ್ದರೆ ವರ್ಷಕ್ಕೊಮ್ಮೆ, 50 ದಾಟಿದ ಮೇಲೆ ಆಗಿದ್ದರೆ 2–3 ವರ್ಷಕ್ಕೊಮ್ಮೆ ಪರೀಕ್ಷೆ. ದೊಡ್ಡಪ್ಪನಿಗೆ 62ರಲ್ಲಿ ಬಂದದ್ದರಿಂದ ನಿಮ್ಮ ಲೆಕ್ಕ ಬದಲಾಗುವುದಿಲ್ಲ. ಆದರೆ ನಿಮ್ಮ ತಂದೆಯವರನ್ನು ಕೂರಿಸಿಕೊಂಡು ಒಂದು ಮಾತು ವಿಚಾರಿಸಿ: ಅದೇ ಕಡೆಯಲ್ಲಿ ತಾತ, ಅಜ್ಜಿ, ಅತ್ತೆ, ಚಿಕ್ಕಪ್ಪ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿತ್ತೇ, ಆಗ ವಯಸ್ಸೆಷ್ಟು? ಒಂದೇ ಕಡೆ ಎರಡು ಮೂರು ಜನ, ಅದರಲ್ಲೂ ಚಿಕ್ಕ ವಯಸ್ಸಿನವರು ಇದ್ದರೆ ಅದು ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ಕಾಯಿಲೆ ಇರಬಹುದು, ಅದರ ದಾರಿಯೇ ಬೇರೆ. ನಿಮ್ಮ ತಂದೆಯವರಿಗಂತೂ ಸ್ವಂತ ಅಣ್ಣನಿಗೇ ಆಗಿರುವುದರಿಂದ, ಅವರು ಇನ್ನೂ ಪರೀಕ್ಷೆ ಮಾಡಿಸಿಲ್ಲದಿದ್ದರೆ ಅವರೂ ಒಮ್ಮೆ ಮಾಡಿಸುವುದು ಒಳ್ಳೆಯದು.

ಮಲ ಪರೀಕ್ಷೆ ಸಾಲದೇ ಎಂದು ಕೇಳಿದ್ದೀರಿ. ಮಲದಲ್ಲಿ ಅಡಗಿದ ರಕ್ತ ಹುಡುಕುವ ಪರೀಕ್ಷೆ ಕಾಯಿಲೆ ಇಲ್ಲದವರಿಗೆ ಸರಿ. ನಿಮಗೆ ಉರಿಯೂತದಿಂದಲೇ ರಕ್ತ ಬರಬಹುದು, ಚಪ್ಪಟೆಯಾದ ಡಿಸ್‌ಪ್ಲೇಸಿಯಾದಿಂದ ರಕ್ತ ಬಾರದೆಯೂ ಇರಬಹುದು. ಎರಡೂ ಕಡೆ ದಾರಿ ತಪ್ಪಿಸುತ್ತದೆ. ಸಿಇಎ ಎಂಬ ರಕ್ತ ಪರೀಕ್ಷೆಯಾಗಲಿ ಸಿಟಿ ಸ್ಕ್ಯಾನ್ ಆಗಲಿ ಈ ಹಂತವನ್ನು ಹಿಡಿಯುವುದಿಲ್ಲ. ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲ ಪರೀಕ್ಷೆ ಮಾತ್ರ ನಿಮಗೆ ನಿಜಕ್ಕೂ ಉಪಯೋಗ, ಆದರೆ ಬೇರೆ ಕಾರಣಕ್ಕೆ: ಕರುಳು ಒಳಗೊಳಗೇ ಉರಿಯುತ್ತಿದೆಯೇ ಎಂದು ಅದು ಹೇಳುತ್ತದೆ. ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಹಜ. ತೊಂದರೆ ಇಲ್ಲದವರಲ್ಲಿ 150ರ ಒಳಗಿದ್ದರೆ ಸಮಾಧಾನ ಪಡಬಹುದು. 250 ದಾಟಿದರೆ ಉರಿಯೂತ ಇರುವ ಸಾಧ್ಯತೆ ಹೆಚ್ಚು. ಈ ಪರೀಕ್ಷೆಗೆ ಮುಂಚಿನ ಒಂದೆರಡು ವಾರ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಅಂದ ಹಾಗೆ, ನಾಟಿ ಕೆಲಸ ಮಾಡಿ ಸೊಂಟ ಹಿಡಿದಾಗ ಮೆಡಿಕಲ್ ಸ್ಟೋರ್‌ನಿಂದ ತಂದು ನುಂಗುವ ಈ ಮಾತ್ರೆಗಳು ಕೊಲೈಟಿಸ್ ಕೆರಳಿಸಬಲ್ಲವು. ಪ್ಯಾರಾಸಿಟಮಾಲ್ ಪರವಾಗಿಲ್ಲ.

ಇದೇ ಜಾಗದಲ್ಲಿ ಮಾತ್ರೆಯ ಮಾತು ಬರುತ್ತದೆ. ಬೇಧಿ ಇಲ್ಲ, ರಕ್ತ ಇಲ್ಲ ಅಂದಮಾತ್ರಕ್ಕೆ ಕರುಳಿನ ಒಳಪದರ ತಣ್ಣಗಾಗಿದೆ ಎಂದಲ್ಲ. ಆರಾಮಾಗಿರುವ ಎಷ್ಟೋ ಜನರ ಬಯಾಪ್ಸಿಯಲ್ಲಿ ನ್ಯೂಟ್ರೋಫಿಲ್‌ಗಳು ಕುಳಿಯೊಳಗೆ ಕೂತೇ ಇರುತ್ತವೆ. ಮೇಲೆ ಹೇಳಿದ ಡಿಎನ್‌ಎ ಹಾನಿ ಅಲ್ಲಿ ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ. ವರ್ಷ ವರ್ಷ ಸೇರಿದ ಒಟ್ಟು ಉರಿಯೂತವೇ ಅಪಾಯದ ಮುಖ್ಯ ಅಳತೆ. ಮೆಸಲಮೀನ್ ಅದನ್ನು ತಗ್ಗಿಸುತ್ತದೆ. ಕಾಯಿಲೆ ತಣ್ಣಗಿರಿಸಲು ದಿನಕ್ಕೆ ಕನಿಷ್ಠ 2 ಗ್ರಾಂ ಬೇಕು, ಹೆಚ್ಚಿನವರಿಗೆ 1.2 ಗ್ರಾಮಿನ ಎರಡು ಮಾತ್ರೆ, ಅಂದರೆ 2.4 ಗ್ರಾಂ ಬರೆಯುತ್ತಾರೆ. ಆಗಾಗ ಬಿಡುವವರಲ್ಲಿ ಕಾಯಿಲೆ ಮರುಕಳಿಸುವುದು ಸರಿಯಾಗಿ ತೆಗೆದುಕೊಳ್ಳುವವರಿಗಿಂತ 5 ಪಟ್ಟು ಹೆಚ್ಚು ಎಂದು ಒಂದು ಅಧ್ಯಯನದಲ್ಲಿ ಕಂಡಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ನೆನಪಿಡಲು ಕಷ್ಟವಾದರೆ ಎರಡನ್ನೂ ಒಟ್ಟಿಗೇ ಬೆಳಿಗ್ಗೆ ತಿಂಡಿ ಜೊತೆ ನುಂಗಬಹುದೇ ಎಂದು ಕೇಳಿ. ಕಾಯಿಲೆ ಹತೋಟಿಯಲ್ಲಿರುವಾಗ ಅದು ಅಷ್ಟೇ ಕೆಲಸ ಮಾಡುತ್ತದೆ. ಮಾತ್ರೆ ಮುರಿಯಬೇಡಿ, ಪುಡಿ ಮಾಡಬೇಡಿ. ಮೇಲಿನ ಲೇಪ ಒಡೆದರೆ ಔಷಧಿ ದೊಡ್ಡ ಕರುಳು ತಲುಪುವ ಮುಂಚೆಯೇ ಹೀರಿಹೋಗುತ್ತದೆ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ಅಪರೂಪಕ್ಕೆ ಕಿಡ್ನಿಗೆ ತೊಂದರೆ ಕೊಡುತ್ತದೆ. ಯಾರಾದರೂ ನಾಟಿ ಔಷಧಿ, ಕಷಾಯ ಹೇಳಿದರೆ ಈ ಮಾತ್ರೆ ನಿಲ್ಲಿಸಿ ಅದನ್ನು ಹಿಡಿಯಬೇಡಿ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ರಕ್ತ ಬೇಗ ನಿಲ್ಲುತ್ತದೆ, ಜನ ವಾಸಿಯಾಯಿತು ಎಂದುಕೊಳ್ಳುತ್ತಾರೆ, ಬಿಟ್ಟೊಡನೆ ದುಪ್ಪಟ್ಟಾಗಿ ಮರಳುತ್ತದೆ.

ಈಗ ಪರೀಕ್ಷೆಗೆ ಬರೋಣ. ಆರಾಮಾಗಿರುವಾಗಲೇ ಯಾಕೆ ಎಂದರೆ, ಉರಿಯುತ್ತಿರುವ ಕರುಳಿನಲ್ಲಿ ಗಾಯ ಮಾಯಲು ಅವಸರದಿಂದ ಬೆಳೆಯುವ ಸಾಧಾರಣ ಕೋಶಗಳೂ ಸೂಕ್ಷ್ಮದರ್ಶಕದಲ್ಲಿ ಡಿಸ್‌ಪ್ಲೇಸಿಯಾದಂತೆಯೇ ಕಾಣುತ್ತವೆ. ಆಗ ಚೂರು ಪರೀಕ್ಷಿಸುವ ಪೆಥಾಲಜಿಸ್ಟ್ ಖಚಿತವಾಗಿ ಹೇಳಲಾರರು, ಸಂಶಯಾಸ್ಪದ ಎಂದು ಬರೆಯುತ್ತಾರೆ, ನೀವು ಮತ್ತೆ ಎಲ್ಲವನ್ನೂ ಮಾಡಿಸಬೇಕಾಗುತ್ತದೆ. ಕೆಂಪಾಗಿ ಊದಿದ ಪದರದಲ್ಲಿ ಚಪ್ಪಟೆ ಬದಲಾವಣೆಗಳು ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಹಿಂದಿನ ಮೂರು ದಿನದ ಊಟದಿಂದ. ನಮ್ಮ ಕಡೆಯ ಊಟ ಒಳ್ಳೆಯದೇ, ಆದರೆ ಈ ಮೂರು ದಿನಕ್ಕೆ ಹೊಂದುವುದಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಅವರೆಕಾಳು, ಸೀಬೆಹಣ್ಣು, ದಾಳಿಂಬೆ, ಟೊಮೆಟೊ ಬೀಜ, ಎಳ್ಳು, ಕಾಯಿತುರಿ ಬಿಡಬೇಕು. ಒಗ್ಗರಣೆಯ ಸಾಸಿವೆಯನ್ನು ಜನ ಮರೆಯುತ್ತಾರೆ. ಆ ಸಣ್ಣ ಕಾಳುಗಳು ಕರುಳಿನ ಗೋಡೆಗೆ ಅಂಟುತ್ತವೆ, ಸ್ಕೋಪಿನ ಹೀರುವ ಕೊಳವೆಗೂ ಸಿಕ್ಕಿಕೊಳ್ಳುತ್ತವೆ. ಬಿಳಿ ಅನ್ನ, ಇಡ್ಲಿ, ಮೊಸರು, ಸೋಸಿದ ತಿಳಿಸಾರು, ಬೇಯಿಸಿದ ಮೊಟ್ಟೆ, ಮಸಾಲೆ ಇಲ್ಲದ ಕೋಳಿ ತಿನ್ನಬಹುದು. ಹಿಂದಿನ ದಿನ ಬೆಳಿಗ್ಗೆ ಹಗುರ ತಿಂಡಿ, ಆಮೇಲೆ ನೀರಿನಂಥದ್ದು ಮಾತ್ರ: ಗಂಜಿ ಇಲ್ಲದ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ವಾರ ಮುಂಚೆ ನಿಲ್ಲಿಸಿ, ಅದು ಮಲವನ್ನು ಕಪ್ಪಾಗಿ ಜಿಗುಟಾಗಿಸುತ್ತದೆ. ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ತಾವಾಗಿ ನಿಲ್ಲಿಸದೆ ಕೇಳಿ.

ಕರುಳು ತೊಳೆಯುವ ಪುಡಿ ಪಾಲಿಎಥಿಲೀನ್ ಗ್ಲೈಕಾಲ್‌ನದ್ದಾಗಿರಲಿ. ಸೋಡಿಯಂ ಫಾಸ್ಫೇಟ್‌ನದ್ದು ಬೇಡ, ಅದು ಕರುಳಿನಲ್ಲಿ ತಾನೇ ಸಣ್ಣ ಹುಣ್ಣು ಮಾಡಿ ಕೊಲೈಟಿಸ್ ಕೆರಳಿದೆಯೇನೋ ಎನ್ನುವ ಗೊಂದಲ ಹುಟ್ಟಿಸುತ್ತದೆ, ಕಿಡ್ನಿಗೂ ಒಳ್ಳೆಯದಲ್ಲ. ಒಂದು ಪ್ಯಾಕೆಟ್ 2 ಲೀಟರ್ ನೀರಿಗೆ ಕಲಸುವಂಥದ್ದಾದರೆ, 1 ಲೀಟರ್ ಹಿಂದಿನ ಸಂಜೆ, ಇನ್ನೊಂದು ಲೀಟರ್ ಪರೀಕ್ಷೆಗೆ 4–6 ಗಂಟೆ ಮುಂಚೆ ಶುರುಮಾಡಿ. ಹತ್ತು ಹದಿನೈದು ನಿಮಿಷಕ್ಕೆ ಒಂದು ಲೋಟ, ಅಂದರೆ 250 ಮಿಲಿಲೀಟರ್. ಪೂರ್ತಿಯನ್ನು ಹಿಂದಿನ ಸಂಜೆಯೇ ಕುಡಿದು ಮುಗಿಸಿದರೆ ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತ ಇಳಿದು ಬಲಗಡೆಯ ದೊಡ್ಡ ಕರುಳಿಗೆ ಮೆತ್ತಿಕೊಳ್ಳುತ್ತದೆ. ಚಪ್ಪಟೆ ಬದಲಾವಣೆಗಳು ಕೈತಪ್ಪುವುದು ಅಲ್ಲೇ. ಪಾಂಡವಪುರದಿಂದ ಬರುವವರಿಗೆ ಇದರಿಂದ ಒಂದು ತಾಪತ್ರಯವಿದೆ: ಎರಡನೇ ಲೀಟರ್ ಕುಡಿದು ಬಸ್ಸಿನಲ್ಲೋ ರೈಲಿನಲ್ಲೋ ಕೂರಲಾಗುವುದಿಲ್ಲ. ಮಧ್ಯಾಹ್ನದ ಸಮಯ ಕೇಳಿ, ಇಲ್ಲವೇ ಹಿಂದಿನ ರಾತ್ರಿ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿಯಿರಿ. ಕೊನೆಗೆ ಹೋಗುವುದು ಗಷ್ಟಿಲ್ಲದ ತಿಳಿ ಹಳದಿ ನೀರಾಗಿರಬೇಕು. ಇನ್ನೂ ಕಂದು ಬಣ್ಣ ಇದ್ದರೆ ಸಂಕೋಚಪಡದೆ ನರ್ಸ್‌ಗೆ ಹೇಳಿ. ಕೊಳೆ ಉಳಿದ ಕರುಳಿನಲ್ಲಿ ನೋಡಿ ಏನೂ ಇಲ್ಲ ಎಂದು ಬರೆಸಿಕೊಂಡರೆ ಆ ಕಾಗದಕ್ಕೆ ಬೆಲೆಯಿಲ್ಲ. ಮಂಪರು ಇಂಜೆಕ್ಷನ್ ಕೊಡುವುದರಿಂದ ಜೊತೆಗೊಬ್ಬರು ಇರಲಿ, ಆ ದಿನ ಬೈಕ್, ಟ್ರ್ಯಾಕ್ಟರ್ ಓಡಿಸಬೇಡಿ.

ಸಮಯ ತೆಗೆದುಕೊಳ್ಳುವಾಗಲೇ, ಇದು ಮಾಮೂಲಿ ಕೊಲೊನೊಸ್ಕೋಪಿ ಅಲ್ಲ, ಹಳೆಯ ಕೊಲೈಟಿಸ್‌ಗೆ ಡಿಸ್‌ಪ್ಲೇಸಿಯಾ ನೋಡುವ ಸರ್ವೇಲೆನ್ಸ್ ಕೊಲೊನೊಸ್ಕೋಪಿ ಎಂದು ಹೇಳಿ. ಇದಕ್ಕೆ ಹೆಚ್ಚು ಹೊತ್ತು ಬೇಕು. ಮಾಮೂಲಿ ಪರೀಕ್ಷೆಯಲ್ಲೇ ಸ್ಕೋಪ್ ಹೊರತೆಗೆಯುತ್ತಾ ನೋಡಲು ಕನಿಷ್ಠ 6 ನಿಮಿಷ ಕೊಡಬೇಕು, ಇಲ್ಲಿ ಅದಕ್ಕಿಂತ ಬಹಳ ಹೆಚ್ಚು. ಹೈ ಡೆಫಿನಿಶನ್ ಸ್ಕೋಪ್ ಇರಬೇಕು. ಇಂಡಿಗೋ ಕಾರ್ಮಿನ್ ಅಥವಾ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳುವಾಗಿ ಸಿಂಪಡಿಸಿ ನೋಡಿದರೆ ಚಪ್ಪಟೆ ಬದಲಾವಣೆಯ ಅಂಚು ಎದ್ದು ಕಾಣುತ್ತದೆ, ಅಲ್ಲಿಂದಲೇ ಚೂರು ತೆಗೆಯಬಹುದು. ಬಣ್ಣದ ಸೌಲಭ್ಯ ಇಲ್ಲದಿದ್ದರೆ ಪ್ರತಿ 10 ಸೆಂಟಿಮೀಟರ್‌ಗೆ ನಾಲ್ಕು ದಿಕ್ಕಿನಿಂದ, ಒಟ್ಟು 32ರಷ್ಟು ಚೂರು ತೆಗೆಯುವುದು ಹಳೆಯ ಕ್ರಮ. ಅಷ್ಟೊಂದೇ ಎಂದು ಗಾಬರಿಯಾಗಬೇಡಿ, ಒಂದೊಂದೂ ಕೆಲವೇ ಮಿಲಿಮೀಟರ್, ಆ ಪದರಕ್ಕೆ ನೋವಿನ ಅರಿವಿಲ್ಲ. ಮಂಡ್ಯದ ಮಿಮ್ಸ್‌ನಲ್ಲಿ ತೋರಿಸಿದರೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೋರಿಸಿದರೂ ಖಾಸಗಿಗೆ ಹೋದರೂ ಈ ಸೌಲಭ್ಯ ಅಲ್ಲಿದೆಯೇ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಇರುವ ಕಡೆಗೆ ಬರೆಸಿಕೊಳ್ಳಿ. ಕರುಳಿನ ಬೇರೆ ಬೇರೆ ಭಾಗದ ಚೂರುಗಳು ಬೇರೆ ಬೇರೆ ಬಾಟಲಿಗೆ ಹೋಗಬೇಕು. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿದರೆ ಡಿಸ್‌ಪ್ಲೇಸಿಯಾ ಸಿಕ್ಕಿದರೂ ಅದು ಎಲ್ಲಿಯದು ಎಂದು ತಿಳಿಯುವುದಿಲ್ಲ. ಹಳೆಯ ಬಯಾಪ್ಸಿ ರಿಪೋರ್ಟ್ ತಪ್ಪದೆ ಒಯ್ಯಿರಿ. ಕರುಳಿಗೆ ತೂತು ಬೀಳುವ ಅಪಾಯ ಇಲ್ಲವೆನ್ನಲಾಗದು, ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ.

ರಿಪೋರ್ಟಿನಲ್ಲಿ ಡಿಸ್‌ಪ್ಲೇಸಿಯಾ ಇಲ್ಲ ಎಂದು ಬಂದರೆ ಮುಂದಿನ ಪರೀಕ್ಷೆ ಎಂದು ಎಂಬುದು ಉರಿಯೂತ ಎಷ್ಟಿದೆ ಎಂಬುದರ ಮೇಲೆ. ಕರುಳು ಪೂರ್ತಿ ತಣ್ಣಗಿದ್ದರೆ 5 ವರ್ಷ, ಸ್ವಲ್ಪ ಅಥವಾ ಮಧ್ಯಮ ಉರಿಯೂತ ಇದ್ದರೆ ಅಥವಾ ಹಳೆಯ ಗಾಯದ ಸುಳ್ಳು ಪಾಲಿಪ್‌ಗಳಿದ್ದರೆ 2–3 ವರ್ಷ, ತೀವ್ರವಾಗಿದ್ದರೆ ಒಂದು ವರ್ಷ. ಮಾತ್ರೆ ಬಿಡದಿದ್ದರೆ ಪರೀಕ್ಷೆಗಳ ನಡುವಿನ ಅಂತರವೂ ಉದ್ದವಾಗುತ್ತದೆ. ಸಂಶಯಾಸ್ಪದ ಎಂದು ಬಂದರೆ ಔಷಧಿ ಹೆಚ್ಚಿಸಿ ಉರಿಯೂತ ತಗ್ಗಿಸಿ 3–6 ತಿಂಗಳಲ್ಲಿ ಮತ್ತೆ ನೋಡುತ್ತಾರೆ. ಡಿಸ್‌ಪ್ಲೇಸಿಯಾ ಎಂದೇ ಬಂದರೆ ಮೊದಲು ಅದೇ ಸ್ಲೈಡ್‌ಗಳನ್ನು ಕರುಳಿನ ಬಯಾಪ್ಸಿಯಲ್ಲಿ ಪಳಗಿದ ಎರಡನೇ ಪೆಥಾಲಜಿಸ್ಟ್‌ಗೆ ತೋರಿಸಬೇಕು. ಇದು ನಿಮ್ಮ ಹಕ್ಕು, ಕೇಳಲು ಹಿಂಜರಿಯಬೇಡಿ. ಅಂಚು ಸ್ಪಷ್ಟವಾಗಿ ಕಾಣುವ ಜಾಗವಾದರೆ ಸ್ಕೋಪಿನಿಂದಲೇ ಕತ್ತರಿಸಿ ತೆಗೆದು, ಹತ್ತಿರ ಹತ್ತಿರ ಪರೀಕ್ಷೆ ಮಾಡುತ್ತಾ ಕರುಳು ಉಳಿಸಿಕೊಳ್ಳಬಹುದು. ತೆಗೆಯಲಾಗದ್ದಾದರೆ, ಹಲವು ಕಡೆ ಇದ್ದರೆ, ಅಥವಾ ಕಣ್ಣಿಗೆ ಕಾಣದ ಜಾಗದಲ್ಲಿ ಹೈ ಗ್ರೇಡ್ ಸಿಕ್ಕಿದರೆ ದೊಡ್ಡ ಕರುಳನ್ನೂ ಗುದನಾಳವನ್ನೂ ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆ ಹೇಳುತ್ತಾರೆ. ಒಂದು ತುಂಡು ತೆಗೆದರೆ ಸಾಲದೇ ಎಂದು ಮನೆಯವರು ಕೇಳುತ್ತಾರೆ. ಉಳಿದ ತುಂಡೂ ಅಷ್ಟೇ ವರ್ಷ ಉರಿದದ್ದು, ಅಲ್ಲಿಯೂ ಬರಬಹುದು. ಸಣ್ಣ ಕರುಳಿನಿಂದಲೇ ಒಳಗೆ ಚೀಲ ಮಾಡಿ ಜೋಡಿಸುವುದರಿಂದ ಹೆಚ್ಚಿನವರಿಗೆ ಹೊಟ್ಟೆಯ ಮೇಲಿನ ಚೀಲ ಕೆಲವು ತಿಂಗಳು ಮಾತ್ರ.

ಮುಂದಿನ ಪರೀಕ್ಷೆಯ ತನಕ ಕಾಯದೆ ಹೋಗಬೇಕಾದ ಸಂದರ್ಭಗಳಿವೆ. ಔಷಧಿ ಹೆಚ್ಚಿಸಿ 3–4 ವಾರವಾದರೂ ರಕ್ತ ನಿಲ್ಲದಿದ್ದರೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೆ, ತೂಕ ಕಳೆದುಕೊಂಡರೆ, ಹೊಟ್ಟೆ ಉಬ್ಬರಿಸಿ ಹಿಂಡಿ ಮಲ ಸಣ್ಣಗೆ ಕಟ್ಟಿಕೊಂಡು ಹೋದರೆ ತಡಮಾಡಬೇಡಿ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕರುಳು ಕಿರಿದಾಗಿದೆ ಎಂದರೆ ಅದು ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವ ತನಕ ಕ್ಯಾನ್ಸರ್ ಎಂದೇ ನೋಡಬೇಕು.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ಹೊಟ್ಟೆ ತೊಳಸುವುದು, ದಿನಕ್ಕೆ ನಾಲ್ಕು ಸಲ ಕಕ್ಕಸಿಗೆ ಹೋಗಬೇಕೆನ್ನಿಸುವುದು, ಪರೀಕ್ಷೆಯಲ್ಲಿ ಎಲ್ಲ ಸರಿ ಎಂದು ಬರುವ ಐಬಿಎಸ್ ತೊಂದರೆಯಿಂದ ಕ್ಯಾನ್ಸರ್ ಬರುವುದಿಲ್ಲ. ಮೂಲವ್ಯಾಧಿಯಿಂದಲೂ ಬರುವುದಿಲ್ಲ, ಆಮಶಂಕೆ ಬಂದು ವಾಸಿಯಾದರೂ ಇಲ್ಲ. ಕ್ರೋನ್ಸ್ ಕಾಯಿಲೆ ದೊಡ್ಡ ಕರುಳಿನ ಮೂರನೇ ಒಂದು ಭಾಗದಷ್ಟಾದರೂ ಹಬ್ಬಿದ್ದರೆ ಮಾತ್ರ ಮೇಲೆ ಹೇಳಿದ್ದೆಲ್ಲ ಅವರಿಗೂ ಅನ್ವಯ. ರಕ್ತದ ಜೊತೆ ಲೋಳೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿ ಇದ್ದರೆ ಅದು ಮೂಲವ್ಯಾಧಿಯ ಲಕ್ಷಣವಲ್ಲ. ಕಟ್ಟು ಹಾಕಿಸಿ, ಇಂಜೆಕ್ಷನ್ ಮಾಡಿಸಿ ವರ್ಷ ಕಳೆಯುವ ಬದಲು ಒಮ್ಮೆ ಒಳಗೆ ನೋಡಿಸಿ.

ಪರೀಕ್ಷೆಯಾದ ಮರುದಿನದಿಂದ ನೀವು ಮುದ್ದೆ, ಸೊಪ್ಪು ಎಂದಿನಂತೆ ತಿನ್ನಬಹುದು. ಕರುಳು ತಣ್ಣಗಿರುವಾಗ ನಾರಿನಂಶ ಒಳ್ಳೆಯದೇ. ಕೆರಳಿದಾಗ ಮಾತ್ರ ಕಡಿಮೆ ಮಾಡಿ. ಏನಾದರೂ ಕತ್ತರಿಸಿ ತೆಗೆದಿದ್ದರೆ ಡಾಕ್ಟರು ಹೇಳಿದಷ್ಟು ದಿನ ಮೆತ್ತಗಿನ ಊಟ ಮಾಡಿ, ಕಬ್ಬಿನ ಹೊರೆ ಎತ್ತಬೇಡಿ. ಮೊದಲ ಒಂದೆರಡು ದಿನ ಬಿಡದ ಹೊಟ್ಟೆನೋವು, ಜ್ವರ, ಹೊಟ್ಟೆ ಗಟ್ಟಿಯಾಗುವುದು ಕಂಡರೆ, ಅಥವಾ ಎರಡು ವಾರದ ಒಳಗೆ ಹೆಚ್ಚು ರಕ್ತ ಹೋದರೆ ಊರಿನಲ್ಲೇ ಇಂಜೆಕ್ಷನ್ ಮಾಡಿಸಿಕೊಂಡು ಮಲಗಬೇಡಿ. ಪರೀಕ್ಷೆ ಮಾಡಿದ ಆಸ್ಪತ್ರೆಗೆ ರಾತ್ರಿಯಾದರೂ ಸರಿ ಫೋನ್ ಮಾಡಿ ಹೊರಡಿ.